ಅನ್ನ ಸೀದ ದಿನ

ಬೆಳಿಗ್ಗೆ ಬಂಗಾರಪೇಟೆಯ ಜನವೆಲ್ಲ ಬೆಂಗಳೂರಿನ ರೈಲಿಗೆ ನುಗ್ಗುವ ಹೊತ್ತಿನಲ್ಲಿ ಮಾರಿಕುಪ್ಪದ ಕಡೆ ಹೋಗುವ ನಮ್ಮ ರೈಲು ಖಾಲಿ ಇರುತ್ತದೆ. ಕಿಟಕಿ ಪಕ್ಕ ಕೂತು, ಊಟದ ಡಬ್ಬಿಯ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟು ತಿದ್ದುತ್ತೇನೆ. ಆಂಡರ್ಸನ್‌ಪೇಟೆಯ ಶಾಲೆಗೆ ಸಮಾಜ ವಿಜ್ಞಾನ ಕಲಿಸಲು ಬಂದಾಗಿನಿಂದ ಇದೇ ಅಭ್ಯಾಸ. ರೈಲು ಕುಲುಕಿದಾಗ ನನ್ನ ಕೆಂಪು ಗೆರೆ ಸೊಟ್ಟಗಾಗುತ್ತದೆ. ಮಕ್ಕಳಿಗೆ ಅದು ಗೊತ್ತು. ನೆಟ್ಟಗಿರುವ ಗೆರೆ ಮನೆಯಲ್ಲಿ ತಿದ್ದಿದ್ದು, ಸೊಟ್ಟಗಿರುವುದು ರೈಲಿನಲ್ಲಿ ತಿದ್ದಿದ್ದು ಎಂದು ಅವರೇ ಹೇಳುತ್ತಾರೆ.

ನಮ್ಮ ಕಡೆಯ ಮಕ್ಕಳ ಬರವಣಿಗೆಯಲ್ಲಿ ಎರಡು ತಪ್ಪು ಖಾಯಂ. ಒಂದು, ಹಕಾರ ನುಂಗುವುದು. 'ಮರದ ಮೇಲಿಂದ ಅಕ್ಕಿ ಹಾರಿತು' ಎಂದು ಬರೆದವರಿದ್ದಾರೆ. ಇನ್ನೊಂದು, ಮಹಾಪ್ರಾಣ ಬಿಡುವುದು. ಅಬ್ಯಾಸ, ಬಾರತ, ಸಂಗ. ಬಾಯಲ್ಲಿ ಇಲ್ಲದ್ದು ಕೈಗೆ ಬರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಆದರೂ ತಿದ್ದಬೇಕಲ್ಲ. ವರ್ಷಗಟ್ಟಲೆ ತಿದ್ದಿ ತಿದ್ದಿ ನನ್ನ ಕೈ ಓದುವುದಕ್ಕೆ ಮೊದಲೇ ತಿದ್ದಲು ಕಲಿತುಬಿಟ್ಟಿತ್ತು. ಹೋದ ವರ್ಷ ಹಾಗೆ ತಿದ್ದಿದ ಒಂದೇ ಒಂದು ಪದದಿಂದ, ಬದುಕಿಲ್ಲದ ಒಬ್ಬ ಗಣಿ ಕೆಲಸಗಾರನ ಮೇಲೆ ಆತ ಮಾಡದ ಕೆಲಸವೊಂದನ್ನು ಹೊರಿಸಿದೆ.

ಶುರುವಾದದ್ದು ತರಬೇತಿಯಿಂದ. ಸಮಸ್ಯೆ ಆಧಾರಿತ ಕಲಿಕೆ ಎಂದು ನಮ್ಮನ್ನೆಲ್ಲ ಎರಡು ದಿನ ಕೂರಿಸಿದ್ದರು. ಇತಿಹಾಸದ ಪಾಠವನ್ನು ಹೇಳಿ ಮುಗಿಸಬೇಡಿ, ಮಕ್ಕಳ ಮುಂದೆ ಒಂದು ಸಮಸ್ಯೆ ಇಡಿ, ಉತ್ತರ ಅವರೇ ಹುಡುಕಲಿ, ಆ ಉತ್ತರ ಪುಸ್ತಕದಲ್ಲಿ ಇರಕೂಡದು ಎಂದರು. ಪಕ್ಕದಲ್ಲಿ ಕೂತಿದ್ದ ಕಾಮಸಮುದ್ರದ ಕಡೆಯ ಮೇಷ್ಟ್ರು, "ನಮ್ ಸ್ಕೂಲಲ್ಲಿ ಸಮಸ್ಯೆಗೇನು ಬರಾನಾ ಮೇಡಂ? ಕಲಿಕೇನೇ ಇಲ್ಲದ್ದು" ಎಂದು ಗೊಣಗಿದರು. ಕೊನೆಗೆ, ತಿಂಗಳ ಕೊನೆಯ ಶನಿವಾರ ಬಂಗಾರಪೇಟೆಯಲ್ಲಿ ಪ್ರದರ್ಶನ, ಒಂದು ಶಾಲೆಯಿಂದ ಒಂದು ಚಾರ್ಟು ಎಂದು ಹೇಳಿ ಟೀ ಕೊಟ್ಟು ಕಳಿಸಿದರು.

ಸಮಸ್ಯೆ ತಾನಾಗಿ ಸಿಕ್ಕಿತು. ಒಂಬತ್ತನೇ ತರಗತಿಯಲ್ಲಿ ಕಾಲಗಣನೆಯ ಪಾಠ ಮಾಡುತ್ತ, ನಿಮ್ಮ ಮನೆಯಲ್ಲಿ ಹಿರಿಯರು ವರ್ಷ ಹೇಗೆ ಲೆಕ್ಕ ಹಾಕುತ್ತಾರೆ ಎಂದು ಕೇಳಿದೆ. ಗಣಿಯ ಲೈನ್ ಮನೆಗಳಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು. ಲೈನ್ ಎಂದರೆ ಗಣಿ ಕೆಲಸಗಾರರಿಗೆ ಕಟ್ಟಿದ, ಒಂದಕ್ಕೊಂದು ಗೋಡೆ ಅಂಟಿಕೊಂಡ ಸಾಲು ಮನೆಗಳು. ಗಣಿ ಮುಚ್ಚಿದರೂ ಜನ ಅಲ್ಲೇ ಇದ್ದಾರೆ. ಅವಳ ಮನೆಮಾತು ತಮಿಳು. ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ.

"ನಮ್ಮಪ್ಪ ಹುಟ್ಟಿದ್ದು ಅನ್ನ ಸೀದ ದಿನ ಆಗಿ ಒಂದು ವರ್ಷಕ್ಕೆ, ಮಿಸ್."

ಎಲ್ಲರೂ ನಕ್ಕರು. "ನಮ್ಮನೇಲಿ ದಿನಾ ಸೀಯುತ್ತೆ" ಎಂದು ಯಾರೋ ಹಿಂದಿನಿಂದ ಕೂಗಿದರು.

"ಅಂಗಲ್ಲ, ಒಂದೇ ದಿನ ಲೈನಲ್ಲಿ ಎಲ್ಲಾರ ಮನೆ ಅನ್ನಾನೂ ಸೀದೋಯ್ತಂತೆ. ಆಯಾ ಹೇಳ್ತಾರೆ" ಎಂದಳು. ಅವರ ಮನೆಯಲ್ಲಿ ಅಜ್ಜಿಗೆ ಆಯಾ ಎನ್ನುತ್ತಾರೆ.

"ಯಾಕೆ ಸೀಯಿತು?"

"ಗೊತ್ತಿಲ್ಲ ಮಿಸ್."

ಪುಸ್ತಕದಲ್ಲಿ ಖಂಡಿತ ಇಲ್ಲದ ಪ್ರಶ್ನೆ. ಬೋರ್ಡಿನ ಮೇಲೆ ಬರೆದೆ: ಒಂದು ಸಾಲಿನ ಎಲ್ಲ ಮನೆಗಳಲ್ಲೂ ಒಂದೇ ದಿನ ಅನ್ನ ಸೀದದ್ದು ಏಕೆ? ಮಕ್ಕಳು ಊಹೆ ಹೇಳಿದರು. ಬೆಂಕಿ ಬಿದ್ದಿರಬೇಕು. ಹಾವು ಬಂದಿರಬೇಕು. ಸಿನಿಮಾದವರು ಶೂಟಿಂಗಿಗೆ ಬಂದಿರಬೇಕು. ಎಲ್ಲವನ್ನೂ ಬರೆದುಕೊಂಡು, ಹೋಗಿ ಕೇಳಿ ಬನ್ನಿ ಎಂದೆ.

ಹುಡುಕುವ ಕೆಲಸ ಮೂವರಿಗೆ ಬಿತ್ತು. ಲೈನಿನ ಮೊಮ್ಮಗಳು, ಕಾಮಸಮುದ್ರದ ಹತ್ತಿರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ, ಅಕ್ಷರ ಚೆಂದ ಇರುವ ಒಬ್ಬ ಹುಡುಗಿ, ಮತ್ತೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರುವ ಹುಬ್ಬಳ್ಳಿ ಕಡೆಯವರ ಮಗ. ಅವನ ಕನ್ನಡದ ಮೇಲೆ ಅವನಿಗೆ ಬಹಳ ಭರವಸೆ. ಮಿಕ್ಕವರು ಅವನನ್ನು 'ಹುಬ್ಬಳ್ಳಿ' ಎಂದೇ ಕರೆಯುತ್ತಾರೆ. ಒಂದೇ ಮನೆಯವರ ಮಾತು ನಂಬಬೇಡಿ, ಮೂರು ಮನೆಯಲ್ಲಿ ಕೇಳಿ, ಒಬ್ಬೊಬ್ಬರು ಒಂದೊಂದು ಮನೆಯ ಮಾತನ್ನು ಕೇಳಿದ ಹಾಗೇ ಬರೆದುಕೊಳ್ಳಿ ಎಂದು ನಾನೇ ಹೇಳಿ ಕಳಿಸಿದೆ.

ಮಾರನೆಯ ವಾರ ಮೂರು ನೋಟ್‌ಬುಕ್ ಬಂದವು. ರೈಲಿನಲ್ಲಿ ತೆರೆದೆ. ಮೊದಲನೆಯದರಲ್ಲಿ, ಮಧ್ಯಾಹ್ನ ಒಲೆ ಮೇಲೆ ಅನ್ನ ಇತ್ತು, ಸಂಗು ಕೂಗಿತು, ಎಲ್ಲರೂ ಓಡಿದರು ಎಂದಿತ್ತು. ಎರಡನೆಯದರಲ್ಲೂ ಸಂಗು. ಮೂರನೆಯದು ಮೊಮ್ಮಗಳದು, ಅವಳ ಆಯಾ ಹೇಳಿದ್ದು: ಸಂಗು ಊದಿತು, ಹೆಂಗಸರು ಓಡಿದರು, ಗಂಡಸರು ಮೇಲೆ ಬಂದರು, ಆಮೇಲೆ ಮೂರು ದಿನ ಕೆಲಸ ಇರಲಿಲ್ಲ.

ಮೂರು ಕಡೆಯೂ ಅದೇ ತಪ್ಪು ಎಂದು ಬೇಸರವಾಯಿತು. ಮೂರು ಕಡೆಯೂ 'ಸಂಗು' ಹೊಡೆದು 'ಸಂಘ' ಮಾಡಿದೆ. 'ಊದಿತು' ಎನ್ನುವುದಕ್ಕೆ ಅರ್ಥವಿಲ್ಲ ಎಂದು 'ಕರೆಯಿತು' ಎಂದು ಬರೆದೆ. ರೈಲು ಅಷ್ಟರಲ್ಲಿ ಊರ್ಗಾಂ ದಾಟಿತ್ತು.

ಇದರಲ್ಲಿ ನನಗೆ ಸಂಶಯವೇ ಬರಲಿಲ್ಲ. ನಮ್ಮೂರುಗಳಲ್ಲಿ ಸ್ತ್ರೀ ಶಕ್ತಿ ಸಂಘಕ್ಕೆ ಸಂಗ ಎಂದೇ ಹೇಳುವುದು. ಸಂಗದೋರು ಕರೆದರೆ ಹೆಂಗಸರು ಕೈಕೆಲಸ ಬಿಟ್ಟು ಹೋಗುವುದನ್ನು ದಿನಾ ನೋಡುತ್ತೇವೆ. ತರಗತಿಯಲ್ಲಿ ಕಾಮಸಮುದ್ರದ ಹುಡುಗಿ ಮಾತ್ರ ಒಂದು ಸಲ ಕೇಳಿದಳು.

"ಮಿಸ್, ನಾನ್ ಹೋದ ಮನೆ ಅಜ್ಜಿ ಸಂಗು ಅಂತಾನೇ ಅಂದ್ರು. ಎರಡು ಸಲ ಕೇಳ್ದೆ."

"ಏ, ನೀವು ಮಾತಾಡೂದೇ ಹಂಗ. ಅದು ಸಂಘ ಐತಿ. ಘಕ್ಕ ಒತ್ತಿ ಹೇಳಬೇಕು" ಎಂದ ಹುಬ್ಬಳ್ಳಿ.

"ನೀನೇ ಒತ್ಕೊಂಡ್ ಕೂತ್ಕೊಳ್ಲಾ" ಎಂದು ಅವಳು ಸುಮ್ಮನಾದಳು. ಮೊಮ್ಮಗಳು ತನ್ನ ನೋಟ್‌ಬುಕ್ಕಿನ ಸೊಟ್ಟ ಗೆರೆ ನೋಡುತ್ತ ಕೂತಿದ್ದಳು.

ಗಣಿ ಕೆಲಸಗಾರರ ಸಂಘ ಕರೆಯಿತು, ಗಂಡಸರು ಗಣಿಯಿಂದ ಮೇಲೆ ಬಂದರು, ಹೆಂಗಸರು ಒಲೆ ಬಿಟ್ಟು ಓಡಿದರು, ಮೂರು ದಿನ ಕೆಲಸ ನಿಂತಿತು. ಇದು ಮುಷ್ಕರವಲ್ಲದೆ ಮತ್ತೇನು? ಮಕ್ಕಳು ಹಾಗೆ ಹೇಳುವ ಮೊದಲು ನಾನೇ ಹೇಳಿದೆ ಎಂದು ಈಗ ನೆನಪಾಗುತ್ತದೆ. ಹೆಂಗಸರು ಬೆಂಬಲಕ್ಕೆ ಹೋಗಿರಬೇಕು ಎಂದು ಸೇರಿಸಿದವಳೂ ನಾನೇ. ಚಾರ್ಟಿನ ತಲೆಬರಹ 'ಅನ್ನ ಸೀದ ಮುಷ್ಕರ' ಎಂದಾಯಿತು. ಮೊಮ್ಮಗಳ ತಾತನ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿದೆವು: ಕೆಲಸ ಬಿಟ್ಟು ಮೇಲೆ ಬಂದವರಲ್ಲಿ ಒಬ್ಬರು. ಹೆಡ್‌ಮಾಸ್ಟರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, "ನೋಡಿ, ಪುಸ್ತಕದಲ್ಲಿ ಇಲ್ಲದ್ದು" ಎಂದು ಖುಷಿಪಟ್ಟರು. ಬಂಗಾರಪೇಟೆಗೆ ಫೋನು ಮಾಡಿ ಹೆಸರು ಬರೆಸಿಯೂ ಬಿಟ್ಟರು.

ಪ್ರದರ್ಶನಕ್ಕೆ ಎರಡು ದಿನ ಇರುವಾಗ, ಗುರುವಾರ ಬಿಸಿಯೂಟದ ಹೊತ್ತಿಗೆ, ಒಬ್ಬ ಮುದುಕಿ ಗೇಟಿನ ಹತ್ತಿರ ಬಂದು ನಿಂತಿದ್ದಾರೆ ಎಂದು ಅಡುಗೆಯಾಕೆ ಬಂದು ಹೇಳಿದಳು. ಸೆರಗಿನ ತುದಿಯನ್ನು ತಲೆಯ ಮೇಲೆ ಎಳೆದುಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಮೊಮ್ಮಗಳು ಊಟದ ತಟ್ಟೆ ಬಿಟ್ಟು ಓಡಿ ಬಂದಳು. ಶನಿವಾರಕ್ಕೆಂದು ಅವಳು ಹಿಂದಿನ ಸಂಜೆ ಮನೆಯಲ್ಲಿ ಚಾರ್ಟಿನ ಮಾತುಗಳನ್ನು ಬಾಯಿಪಾಠ ಮಾಡಿದ್ದಳಂತೆ. ಆಯಾಗೆ ಓದಲು ಬರದಿದ್ದರೂ ಕನ್ನಡ ಕಿವಿಗೆ ಗೊತ್ತು.

"ಟೀಚರಮ್ಮಾ, ನಮ್ಮನೆಯವರು ಕೆಲಸ ಬಿಟ್ಟು ಬಂದ್ರು ಅಂತ ಬರೆದಿದ್ದೀರಂತೆ?"

ಹೌದೆಂದೆ. ಸಂಘ ಕರೆದದ್ದಕ್ಕೆ ಎಂದು ವಿವರಿಸಿದೆ.

"ಸಂಗಂ ಬೇರೆ, ಸಂಗು ಬೇರೆ ಅಮ್ಮಾ" ಎಂದು ಅವರು ನನಗೆ ಮಗುವಿಗೆ ಹೇಳುವ ಹಾಗೆ ಹೇಳಿದರು. ಬಾಯಿಗೆ ಮುಷ್ಟಿ ಇಟ್ಟು ಊಊ ಎಂದು ಊದಿ ತೋರಿಸಿದರು. ಬಿಸಿಯೂಟದ ಸಾಲಿನಲ್ಲಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. "ಇದು ಸಂಗು. ಗಣೀದು. ಆರು ಗಂಟೆಗೆ ಊದುತ್ತೆ, ಎರಡು ಗಂಟೆಗೆ ಊದುತ್ತೆ, ಪಾಳಿ ಬದಲಿಗೆ. ಹೊತ್ತಲ್ಲದ ಹೊತ್ತಲ್ಲಿ ಊದಿದ್ರೆ ಒಳಗೆ ಏನೋ ಆಗಿದೆ ಅಂತ."

ಸಂಗು ಎಂದರೆ ಸೈರನ್. ಶಂಖಕ್ಕೆ ತಮಿಳಿನಲ್ಲಿ ಹೇಳುವ ಮಾತು, ಗಣಿಯ ಸೈರನ್ನಿಗೂ ಲೈನಿನವರು ಅದನ್ನೇ ಹೇಳುತ್ತಿದ್ದರು. ಅವರನ್ನು ಕೇಳಿದ್ದು ಯಾಕೆ ಓಡಿದಿರಿ ಎಂದು. ಸಂಗು ಊದಿತು ಎಂದರು. ಅವರಿಗೆ ಅದು ಪೂರ್ತಿ ಉತ್ತರ. ಅದಕ್ಕಿಂತ ಹೆಚ್ಚು ಹೇಳಬೇಕೆಂದು ಅವರಿಗೆ ತೋಚಲಿಲ್ಲ, ಕೇಳಬೇಕೆಂದು ನಮಗೆ ತೋಚಲಿಲ್ಲ. ಗಣಿ ಮುಚ್ಚಿದ ಎಷ್ಟೋ ವರ್ಷದ ಮೇಲೆ ಹುಟ್ಟಿದ ಮಕ್ಕಳಿಗೆ ಆ ಸದ್ದೇ ಗೊತ್ತಿಲ್ಲ.

"ಒಳಗೆ ಬಂಡೆ ಸಿಡಿದಿತ್ತು. ಅವರು ಕೆಲಸ ಬಿಟ್ಟು ಬರಲಿಲ್ಲ ಟೀಚರಮ್ಮಾ. ಮೇಲೆ ಬಂದವರು ತಿರುಗಿ ಕೆಳಗೆ ಹೋದರು. ಎರಡು ಸಲ. ಜನಾನ ತರೋಕೆ. ಅದೊಂದು ಅವರು ಯಾವಾಗ್ಲೂ ಹೇಳೋರು. ಬೇರೆ ಏನೂ ಹೇಳ್ತಿರಲಿಲ್ಲ. ಸಂಗಂನವರೂ ಒಳ್ಳೇವರೇ, ಇವರೂ ಅದರಲ್ಲಿದ್ರು. ಆದ್ರೆ ಆ ದಿನ ಇವರನ್ನ ಯಾರೂ ಕರೀಲಿಲ್ಲ." ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ಶನಿವಾರ ಎಲ್ಲಾರೂ ಓದ್ತಾರಂತೆ?" ಎಂದರು.

ಮೊಮ್ಮಗಳನ್ನು ಕೇಳಿದೆ: ನಿನಗೆ ಗೊತ್ತಿರಲಿಲ್ಲವೇ, ಸಂಗು ಎಂದರೆ ಸಂಘವಲ್ಲ ಎಂದು?

"ಗೊತ್ತಿತ್ತು ಮಿಸ್. ಆಯಾ ಊದ್ತು ಅಂತಾನೇ ಹೇಳಿದ್ರು. ನೀವು ತಿದ್ದಿದ್ರಲ್ಲ, ಅದಕ್ಕೇ ಸುಮ್ನಿದ್ದೆ."

ಆಯಾಗೆ ಒಂದು ಲೋಟ ಮಜ್ಜಿಗೆ ಕೊಡಿಸಿ, ನಾಳೆ ಸಂಜೆ ಮೂವರನ್ನೂ ಕರೆದುಕೊಂಡು ಬರುತ್ತೇನೆ, ಮೊದಲಿನಿಂದ ಹೇಳಿ ಎಂದೆ.

ಹೆಡ್‌ಮಾಸ್ಟರಿಗೆ ಇದು ಹಿಡಿಸಲಿಲ್ಲ. "ಹೆಸರು ಕೊಟ್ಟಾಗಿದೆ. ಮುಷ್ಕರ ಅನ್ನೋದು ಪಾಠಕ್ಕೂ ಸರಿಹೊಂದುತ್ತೆ. ಆ ತಾತನ ಹೆಸರು ಒಂದು ತೆಗೆದುಬಿಡಿ, ಮಿಕ್ಕಿದ್ದು ಇರ್ಲಿ" ಎಂದರು. ಕೆಟ್ಟವರಲ್ಲ, ಅವರಿಗೆ ಶನಿವಾರದ ಚಿಂತೆ. ನನಗೂ ಒಂದು ಕ್ಷಣ ಅದು ಸುಲಭ ಅನ್ನಿಸಿತು ಎನ್ನುವುದನ್ನು ಮುಚ್ಚಿಡಲಾರೆ. ಹೆಸರಿಗೆ ಬಿಳಿ ಕಾಗದ ಅಂಟಿಸಿದರೆ ಐದು ನಿಮಿಷದ ಕೆಲಸ.

ವಿಷಯವನ್ನು ಮಕ್ಕಳ ಮುಂದೆ ಇಟ್ಟೆ. ತಪ್ಪು ನನ್ನದು, ಸಂಗುವನ್ನು ಸಂಘ ಮಾಡಿದವಳು ನಾನು, ಈಗ ಏನು ಮಾಡೋಣ ಎಂದೆ. ಹುಬ್ಬಳ್ಳಿಯ ಮುಖ ಕೆಂಪಾಯಿತು.

"ನಾನೂ ಹೇಳಿದ್ನಿರಿ ಮಿಸ್, ಒತ್ತಿ ಹೇಳಬೇಕಂತ."

"ಒತ್ತಿ ಒತ್ತಿ ತಾತನ್ನೇ ಮೇಲಕ್ಕೆ ಎಳ್ಕೊಂಡು ಬಂದೆ ನೋಡು" ಎಂದಳು ಕಾಮಸಮುದ್ರದವಳು. ಆಮೇಲೆ ಚಾರ್ಟು ನೋಡಿ ನಿಟ್ಟುಸಿರುಬಿಟ್ಟಳು. "ಪೂರಾ ತಿರುಗಿ ಬರೀಬೇಕಾ? ಕೈ ಬಿದ್ದೋಗ್ತದೆ ಮಿಸ್."

"ಹೆಸ್ರು ಮಾತ್ರ ತೆಗೆದ್ರೆ ಸಾಕಾ?" ಎಂದು ಮೊಮ್ಮಗಳನ್ನು ಕೇಳಿದೆ.

ಅವಳು ಬೇಡವೆಂದು ತಲೆ ಆಡಿಸಿದಳು. "ಹೆಸ್ರು ತೆಗೆದ್ರೆ ತಾತ ಇಲ್ಲವೇ ಇಲ್ಲ ಅಂತಾಗುತ್ತೆ, ಮಿಸ್."

ಶುಕ್ರವಾರ ಸಂಜೆ ನಾಲ್ವರೂ ಲೈನಿಗೆ ಹೋದೆವು. ಒಂದು ಕೋಣೆ, ಹಿಂದೆ ಅಡುಗೆಗೆ ಚಾಚಿಕೊಂಡ ತಗಡಿನ ಮಾಡು. ಗಾಳಿ ಎದ್ದಾಗ ಗಣಿಯ ಮರಳಿನ ದಿಬ್ಬದಿಂದ ಧೂಳು ಬರುತ್ತದೆಂದು ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ್ದರು. ನಮಗೆ ಚಾಪೆ ಹಾಸಿ ಆಯಾ ಹೊಸ್ತಿಲ ಹತ್ತಿರ ಕೂತರು. ಈ ಸಲ ಮಕ್ಕಳು ನಿಜಕ್ಕೂ ಕೇಳಿದರು. ಸಂಗು ಎಷ್ಟು ಹೊತ್ತು ಊದಿತು? ಯಾವ ಕಡೆ ಓಡಿದರು? ತಾತ ಮೇಲೆ ಬಂದಾಗ ಹೇಗಿದ್ದರು? ಆಯಾ ತಮಿಳಿನಲ್ಲಿ ಹೇಳುವರು, ಮೊಮ್ಮಗಳು ಕನ್ನಡ ಮಾಡುವಳು, ಕಾಮಸಮುದ್ರದವಳು ಬರೆಯುವಳು. ಸಂಗು ಬಂದಾಗಲೆಲ್ಲ ಹುಬ್ಬಳ್ಳಿ ಬಗ್ಗಿ, ಗು ಬರೆದಿದ್ದಾಳೋ ಇಲ್ಲವೋ ಎಂದು ನೋಡುತ್ತಿದ್ದ.

ನಡುವೆ ಒಂದು ಕಡೆ ಮೊಮ್ಮಗಳು ಕನ್ನಡ ಮಾಡುವುದನ್ನು ನಿಲ್ಲಿಸಿಬಿಟ್ಟಳು.

"ಏನಂದ್ರು?" ಎಂದೆ.

"ಏನೋ ಬೇರೆ ಮಾತು ಮಿಸ್. ಅದು ಬೇಡ." ಆಯಾ ಕಡೆ ತಿರುಗಿ ತಮಿಳಿನಲ್ಲಿ ಏನೋ ಗದರಿದಳು.

ಆಯಾ ಅವಳನ್ನು ಸುಮ್ಮನಿರಿಸಿ, ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು.

"ಎಲ್ಲಾರೂ ಓಡಿದ್ರು ಅಂತ ಬರೆದಿದ್ದೀರಲ್ಲ ಅಮ್ಮಾ. ನಾನೇ ಹಾಗೆ ಹೇಳಿದ್ದು. ನಾನು ಓಡಲಿಲ್ಲ."

ಮದುವೆಯಾಗಿ ಲೈನಿಗೆ ಬಂದು ಒಂದು ತಿಂಗಳೂ ಆಗಿರಲಿಲ್ಲವಂತೆ. ತವರೂರಲ್ಲಿ ಸಂಗು ಎಂದರೆ ಶಂಖ, ಊದುವುದು ಸಾವಿಗೆ ಮಾತ್ರ. ಇಲ್ಲಿ ದಿನಕ್ಕೆ ಇಷ್ಟು ಸಲ ಊದುತ್ತದೆಂದು ಗೊತ್ತಿತ್ತು, ಯಾವುದು ಯಾವ ಹೊತ್ತಿನದೆಂದು ಇನ್ನೂ ಕಲಿತಿರಲಿಲ್ಲ. ಆ ದಿನ ಊದಿದಾಗ ಅಕ್ಕಪಕ್ಕದ ಹೆಂಗಸರು ಹೊರಗೆ ಹೋದ ಸದ್ದು ಕೇಳಿಸಿತು. ಬಾಗಿಲು ತೆಗೆದು ನೋಡಿದರೆ ನಲ್ಲಿಯ ಹತ್ತಿರ ಒಬ್ಬರೂ ಇಲ್ಲ.

"ದಿನಾ ಆ ನಲ್ಲೀಲಿ ಜಗಳ. ಹೊಸಬಳು ಅಂತ ನನ್ನ ಕೊಡ ಹಿಂದಕ್ಕೆ ತಳ್ಳೋರು. ಆ ದಿನ ಯಾರೂ ಇಲ್ಲ. ಎಷ್ಟು ಸಂತೋಷ ಆಯ್ತು ಅಂದ್ರೆ, ಮನೇಲಿದ್ದ ಕೊಡ, ಬಕೆಟ್, ಕಡೆಗೆ ಅನ್ನ ಬಸಿಯೋ ಪಾತ್ರೆ, ಎಲ್ಲಾ ತುಂಬಿಸ್ಕೊಂಡೆ. ಬಂದು ಅನ್ನ ಇಳಿಸಿದೆ. ಸರಿಯಾಗಿ ಬೆಂದಿತ್ತು."

ಕಾಮಸಮುದ್ರದವಳ ಪೆನ್ನು ನಿಂತಿತ್ತು.

"ಕತ್ತಲಾಗೋ ಹೊತ್ತಿಗೆ ಅವರು ಬಂದ್ರು. ಮೈಯೆಲ್ಲಾ ಮಣ್ಣು. ಇದೇನು ಇವತ್ತು ಇಷ್ಟು ತಡ ಮಾಡಿದ್ರಲ್ಲಾ ಅಂತ ಕೇಳಿದೆ." ಆಯಾ ನಕ್ಕರು, ಕೈಯಿಂದ ಬಾಯಿ ಮುಚ್ಚಿಕೊಂಡರು. "ಗಣಿಗೆ ಇಳಿಯೋ ಶಾಫ್ಟ್ ಹತ್ತಿರ ಎಲ್ಲಾರ ಹೆಂಡ್ತೀರೂ ನಿಂತಿದ್ರಂತೆ. ಎರಡು ಸಲ ಕೆಳಗೆ ಹೋಗಿ ಬಂದಾಗ್ಲೂ ಇವರು ನನ್ನ ಹುಡುಕಿದ್ರಂತೆ. ಅವರು ಅವತ್ತೂ ಬೈಯಲಿಲ್ಲ, ಆಮೇಲೂ ಬೈಯಲಿಲ್ಲ. ಲೈನಿನವರು ಬಿಡ್ತಾರಾ? ಸಂಗು ಊದಿದ್ರೂ ಬರದವಳು ಅಂತ ನನಗೆ ಹೆಸರೇ ಇಟ್ರು. ಹಾಗಂದವರೆಲ್ಲಾ ಹೋದ್ರು. ಇವಳಿಗೆ ನಾಚಿಕೆ, ಬರೀಬೇಡಿ ಅಂತಾಳೆ. ಅವರದ್ದು ಸರಿಯಾಗಿ ಬರೀರಿ ಅಂತ ಹೇಳಿ ನನ್ನದ್ದು ಸುಳ್ಳು ಬಿಡೋಕಾಗುತ್ತಾ?"

ಮೊಮ್ಮಗಳು ಚಾಪೆಯ ಅಂಚಿನ ದಾರ ಕೀಳುತ್ತ ಕೂತಿದ್ದಳು.

"ಏನ್ ಬರೀಲೇ?" ಎಂದು ಕಾಮಸಮುದ್ರದವಳು ಗೆಳತಿಯನ್ನೇ ಕೇಳಿದಳು.

ಮೊಮ್ಮಗಳು ಕಿತ್ತ ದಾರವನ್ನು ಬೆರಳಿಗೆ ಸುತ್ತಿಕೊಂಡು ಹೇಳಿದಳು. "ಒಂದು ಮನೆ ಅನ್ನ ಸೀಯಲಿಲ್ಲ ಅಂತ ಬರಿ."

ಹೊಸ ಚಾರ್ಟನ್ನು ಅಲ್ಲೇ, ಆ ಕೋಣೆಯ ನೆಲದ ಮೇಲೆ, ದೀಪ ಹಾಕಿಕೊಂಡು ಬರೆದರು. ಮೂಲೆಗಳಿಗೆ ಆಯಾ ನಾಲ್ಕು ಲೋಟ ಇಟ್ಟುಕೊಟ್ಟರು. ಮುಷ್ಕರ ಹೋಗಿ 'ಅನ್ನ ಸೀದ ದಿನ' ಎಂದಾಯಿತು. ತಾತ ಎರಡು ಸಲ ಕೆಳಗೆ ಹೋದದ್ದು ನಡುವಿನಲ್ಲಿ ದಪ್ಪ ಅಕ್ಷರದಲ್ಲಿ ಬಂತು. ನಾವು ಮೊದಲು ಸಂಗುವನ್ನು ಸಂಘ ಎಂದು ತಪ್ಪು ತಿಳಿದಿದ್ದೆವು ಎಂದೂ ಬರೆಯಬೇಕೆಂದು ಹುಬ್ಬಳ್ಳಿಯೇ ಹಟ ಹಿಡಿದ. "ಯಾರು ತಿಳಿದಿದ್ರು ಅಂತ ಬರೀಲಿ?" ಎಂದಳು ಕಾಮಸಮುದ್ರದವಳು. "ನಾವು ಅಂತ ಬರಿ, ಸಾಕು" ಎಂದ. ಕೊನೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಕೊನೆಯ ಸಾಲನ್ನು ಅವಳು ಅವಸರದಲ್ಲಿ, ತಳದ ಅಂಚಿಗೆ ಒತ್ತಿ ಬರೆದಳು. ಅವಳನ್ನು ಬಸ್ಸು ಹತ್ತಿಸಿ ನಾನು ಸ್ಟೇಷನ್ನಿಗೆ ನಡೆದೆ.

ಶನಿವಾರ ಬಂಗಾರಪೇಟೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರ್ಟುಗಳಿದ್ದವು. ಬಹುಮಾನ ಬೇರೆ ಯಾರಿಗೋ ಬಂತು, ಥರ್ಮಾಕೋಲಿನಲ್ಲಿ ಕೋಟೆ ಮಾಡಿದ್ದರು. ನೋಡಲು ಬಂದ ಅಧಿಕಾರಿಯೊಬ್ಬರು ನಮ್ಮ ಚಾರ್ಟಿನ ಮುಂದೆ ಬಗ್ಗಿ, ತಳದ ಸಾಲನ್ನು ಬೆರಳಿಟ್ಟು ಓದಿದರು.

"ಒಂದು ಮನೆ ಅನ್ನ ಸೀಯಲಿಲ್ಲ. ಯಾವ ಮನೆಯಪ್ಪಾ ಅದು?"

ಹುಬ್ಬಳ್ಳಿ ಉತ್ತರ ಹೇಳಲು ಬಾಯಿ ತೆರೆದ. ಕಾಮಸಮುದ್ರದವಳು ಅವನ ಅಂಗಿ ಹಿಡಿದು ಎಳೆದಳು.

"ನಮ್ದು ಸಾರ್" ಎಂದಳು ಮೊಮ್ಮಗಳು. "ನಮ್ಮ ಆಯಾ ಹೊಸದಾಗಿ ಬಂದಿದ್ರು. ಸಂಗು ಅಂದ್ರೆ ಏನು ಅಂತ ಗೊತ್ತಿರಲಿಲ್ಲ." ಆಮೇಲೆ ಅವರು ಕೇಳದೆಯೇ ತಾತ ಕೆಳಗೆ ಹೋದದ್ದನ್ನೂ ಹೇಳಿದಳು. ನಡುವೆ ಎರಡು ತಮಿಳು ಪದ ಬಂದವು. ಅಧಿಕಾರಿ ತಡೆಯಲಿಲ್ಲ, ನಾನೂ ತಿದ್ದಲಿಲ್ಲ.

ಸೋಮವಾರ ಆಯಾ ಮತ್ತೆ ಶಾಲೆಗೆ ಬಂದರು, ಚಾರ್ಟು ಬೇಕೆಂದು. ಆಫೀಸಿನ ಮೇಜಿನ ಮೇಲೆ ಬಿಡಿಸಿ ಇಟ್ಟೆವು. ಗಂಡನದ್ದು ಎಲ್ಲಿದೆ ಎಂದು ಕೇಳಿದರು. ಮೊಮ್ಮಗಳು ನಡುವಿನ ದಪ್ಪ ಅಕ್ಷರ ತೋರಿಸಿದಳು. ಆಯಾ ಅಂಗೈಯಿಂದ ಅಲ್ಲಿ ಸವರಿದರು.

"ನನ್ನದ್ದು?"

ತಳದ ಸಾಲು ತೋರಿಸಿದಳು. ಆಯಾ ಕಣ್ಣು ಕಿರಿದು ಮಾಡಿ ನೋಡಿದರು.

"ಇಷ್ಟು ಚಿಕ್ಕದಾ?"

"ಜಾಗ ಇರಲಿಲ್ಲ ಅಜ್ಜಿ, ಬಸ್ಸಿಗೆ ಒತ್ತಾಗಿತ್ತು" ಎಂದಳು ಬರೆದವಳು.

ಆಯಾ ಚಾರ್ಟನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಕೇಳಿ ಹಾಕಿಸಿಕೊಂಡು, ಕಂಕುಳಲ್ಲಿ ಇಟ್ಟುಕೊಂಡು ಹೋದರು.